ಗ್ವೋಜ್ಯಾ: ದೇಶದ ಹೆಸರಿನೊಳಗೆ ಕೂತ ಮನೆ

ಚೀನೀ ಭಾಷೆಯಲ್ಲಿ ದೇಶಕ್ಕೂ ಪ್ರಭುತ್ವಕ್ಕೂ ಬಳಸುವ ಪದ ಗ್ವೋಜ್ಯಾ. ಗ್ವೋ ಎಂದರೆ ರಾಜ್ಯ, ಜ್ಯಾ ಎಂದರೆ ಮನೆ. ಜ್ಯಾ ಅಕ್ಷರವನ್ನು ಬಿಡಿಸಿ ನೋಡಿದರೆ ಮೇಲೊಂದು ಸೂರು, ಅದರ ಕೆಳಗೊಂದು ಹಂದಿ. ಸೂರು ಮತ್ತು ಸಾಕುಪ್ರಾಣಿ, ಅಂದರೆ ವಾಸ ಮತ್ತು ಬದುಕಿನ ದಾರಿ, ಎರಡೂ ಒಂದೇ ಗುರುತಿನಲ್ಲಿವೆ. ಚೀನಾದ ಮೌಲ್ಯಗಳಿಗೂ ಅಲ್ಲಿನ ಆಡಳಿತ, ಅರ್ಥವ್ಯವಸ್ಥೆಗಳಿಗೂ ಏನು ಸಂಬಂಧ ಎಂದು ಕೇಳುವವರು ಈ ಪದದಿಂದಲೇ ಹೊರಡಬಹುದು.

ಸಾಮಾನ್ಯವಾಗಿ ಸಿಗುವ ಉತ್ತರ ಬೇರೆ. ಕನ್‌ಫ್ಯೂಷಿಯಸ್ ಹಿರಿಯರಿಗೆ ವಿಧೇಯರಾಗಿರಿ ಎಂದ, ಹಾಗಾಗಿ ಅಲ್ಲಿ ಸರ್ಕಾರದ ಮಾತು ನಡೆಯುತ್ತದೆ. ದುಡಿಮೆ, ಮಿತವ್ಯಯ, ಓದು ಅವರ ರಕ್ತದಲ್ಲಿದೆ, ಹಾಗಾಗಿ ದುಡ್ಡು ಮಾಡಿದರು ಎನ್ನುವುದು ಆ ಉತ್ತರ. ಇದರ ತೊಂದರೆಯೆಂದರೆ, ನೂರು ವರ್ಷದ ಹಿಂದೆ ಇದೇ ಕನ್‌ಫ್ಯೂಷಿಯಸ್ ಚೀನಾದ ಬಡತನಕ್ಕೂ ಕಾರಣನಾಗಿದ್ದ. 1915ರಲ್ಲಿ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಆ ನೀತಿಯೇ ಬಂಡವಾಳಶಾಹಿಗೆ ಅಡ್ಡಿ ಎಂದು ವಾದಿಸಿದರು. ಬೀಜಿಂಗಿನಲ್ಲಿ 1919ರ ಮೇ 4ರಂದು ಬೀದಿಗಿಳಿದ ವಿದ್ಯಾರ್ಥಿಗಳ ತಲೆಮಾರು ಹಳೆಯ ಕುಟುಂಬ ನೀತಿಯನ್ನು ದೇಶದ ಕುತ್ತಿಗೆಯ ಉರುಳು ಎಂದು ಕಂಡಿತು. 1980ರ ದಶಕದ ನಂತರ ಅದೇ ನೀತಿ ಪೂರ್ವ ಏಷ್ಯಾದ ಏಳಿಗೆಯ ಗುಟ್ಟಾಯಿತು. ಬಡತನಕ್ಕೂ ಸಿರಿತನಕ್ಕೂ ಒಂದೇ ಕಾರಣ ಕೊಡುವ ವಿವರಣೆಯನ್ನು ನಂಬುವುದು ಕಷ್ಟ.

ಮೌಲ್ಯವೊಂದು ಆಡಳಿತದೊಳಗೆ ಬರುವುದು ಕಾಗದದ ಮೂಲಕ. ನೋಂದಣಿ ಪುಸ್ತಕ, ಪಾಲುಪತ್ರ, ತೆರಿಗೆ ಲೆಕ್ಕ, ಪರೀಕ್ಷೆಯ ಉತ್ತರ ಪತ್ರಿಕೆ, ಕರಾರು. ಈ ಕಾಗದಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಚೀನಾದ ಪ್ರಭುತ್ವ ಎರಡು ಸಾವಿರ ವರ್ಷಗಳಿಂದ ತನ್ನ ಭಾರವನ್ನೆಲ್ಲ ಮನೆಯ ಮೇಲೆ ಹೊರಿಸಿದೆ, ಆದರೆ ತನ್ನ ಕಚೇರಿಯೊಳಗೆ ಮಾತ್ರ ಮನೆ ಕಾಲಿಡದಂತೆ ಕಾವಲು ಕಾದಿದೆ. ಭಾರ ಹೊರಲು ಮನೆ ಬೇಕು, ಅಧಿಕಾರ ಹಂಚಿಕೊಳ್ಳಲು ಬೇಡ. ಅಲ್ಲಿನ ಆರ್ಥಿಕತೆಯ ಶಕ್ತಿಯೂ ಸಂಕಟವೂ ಬಹುಪಾಲು ಈ ಎಳೆದಾಟದಿಂದಲೇ ಹುಟ್ಟುತ್ತವೆ ಎಂಬುದು ಈ ಬರಹದ ನಿಲುವು.

ಒಡೆಯಿರಿ ಎಂದ ಕಾನೂನು, ಒಡೆಯಬೇಡಿ ಎಂದ ಕಾನೂನು

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಚಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಒಂದು ಕಟ್ಟಳೆ ತಂದ. ಒಂದೇ ಮನೆಯಲ್ಲಿ ಇಬ್ಬರು ಅಥವಾ ಹೆಚ್ಚು ಪ್ರಾಯದ ಗಂಡಸರು ಬೇರೆಯಾಗದೆ ಉಳಿದರೆ ಆ ಮನೆಗೆ ತೆರಿಗೆ ಎರಡು ಪಟ್ಟು. ಒಲೆಗಳು ಹೆಚ್ಚಾದಷ್ಟೂ ತೆರಿಗೆ ಕೊಡುವವರೂ ಸೈನ್ಯಕ್ಕೆ ಸಿಗುವವರೂ ಹೆಚ್ಚು, ದೊಡ್ಡ ಕುಲಗಳ ಬಲ ಕಡಿಮೆ. ಜೊತೆಗೆ ಐದು ಮನೆ, ಹತ್ತು ಮನೆಗಳ ಗುಂಪು ಮಾಡಿ, ಒಬ್ಬರ ತಪ್ಪನ್ನು ಮುಚ್ಚಿಟ್ಟರೆ ಎಲ್ಲರಿಗೂ ಶಿಕ್ಷೆ ಎಂದ. ನೆರೆಮನೆಯವರೇ ಪೊಲೀಸರಾದರು.

ಸಾವಿರ ವರ್ಷ ದಾಟಿ ಕ್ರಿ.ಶ. 653ರಲ್ಲಿ ಟಾಂಗ್ ರಾಜವಂಶ ತಂದ ಕಾನೂನು ಸಂಹಿತೆಗೆ ಬಂದರೆ ನಿಯಮ ಪೂರ್ತಿ ತಲೆಕೆಳಗು. ತಂದೆತಾಯಿ ಅಥವಾ ಅಜ್ಜ-ಅಜ್ಜಿ ಬದುಕಿರುವಾಗ ಮಕ್ಕಳು ಬೇರೆ ನೋಂದಣಿ ಮಾಡಿಸಿಕೊಂಡರೆ, ಆಸ್ತಿ ಹಂಚಿಕೊಂಡರೆ, ಮೂರು ವರ್ಷದ ದುಡಿಮೆ ಶಿಕ್ಷೆ. ಚಿನ್ ಕಾಲದಲ್ಲಿ ಕೂಡಿ ಬಾಳಿದರೆ ದಂಡ, ಟಾಂಗ್ ಕಾಲದಲ್ಲಿ ಬೇರೆಯಾದರೆ ಸೆರೆ. ಚೀನೀ ಸಂಸ್ಕೃತಿ ಎಂಬ ಒಂದೇ ಮಾತಿನಲ್ಲಿ ಇವೆರಡನ್ನೂ ಕಟ್ಟಿಹಾಕಲಾಗದು. ಎರಡರಲ್ಲೂ ಬದಲಾಗದೆ ಉಳಿದದ್ದು ಒಂದು: ಸರ್ಕಾರದ ಪುಸ್ತಕದಲ್ಲಿ ಜನ ದಾಖಲಾದದ್ದು ಮನೆಮನೆಯಾಗಿ. ಮನೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಆಯಾ ಕಾಲದ ಖಜಾನೆ ನಿರ್ಧರಿಸಿತು.

ಮನೆ ಮತ್ತು ಸರ್ಕಾರ ನೇರ ಮುಖಾಮುಖಿಯಾದ ಪ್ರಸಂಗವೂ ಹಳೆಯದೇ. ನಮ್ಮ ಕಡೆಯ ಒಬ್ಬ ಎಷ್ಟು ಸತ್ಯವಂತನೆಂದರೆ, ಅಪ್ಪ ಕುರಿ ಕದ್ದಾಗ ತಾನೇ ಸಾಕ್ಷಿ ಹೇಳಿದ ಎಂದು ಪಾಳೆಯಗಾರನೊಬ್ಬ ಕನ್‌ಫ್ಯೂಷಿಯಸ್ ಮುಂದೆ ಹೆಮ್ಮೆಪಟ್ಟನಂತೆ. ನಮ್ಮ ಕಡೆ ಅಪ್ಪ ಮಗನನ್ನು, ಮಗ ಅಪ್ಪನನ್ನು ಕಾಯುತ್ತಾರೆ, ಸತ್ಯ ಅದರಲ್ಲೇ ಇದೆ ಎಂದು ಗುರು ಉತ್ತರಿಸಿದ. ಟಾಂಗ್ ಸಂಹಿತೆ ಇದನ್ನು ಅಕ್ಷರಶಃ ಕಾನೂನು ಮಾಡಿತು. ಹತ್ತಿರದ ಬಂಧುವಿನ ಅಪರಾಧ ಮುಚ್ಚಿಟ್ಟರೆ ತಪ್ಪಿಲ್ಲ. ರಾಜದ್ರೋಹದಂಥ ಅಪರಾಧಗಳನ್ನು ಬಿಟ್ಟರೆ, ತಂದೆಯ ಮೇಲೆ ದೂರು ಕೊಟ್ಟ ಮಗನಿಗೇ ಮರಣದಂಡನೆ. ರಾಜದ್ರೋಹ ಎಂಬ ಆ ಹೊರತುಪಡಿಕೆಯನ್ನು ಗಮನಿಸಬೇಕು. ಸಿಂಹಾಸನಕ್ಕೆ ಕುತ್ತು ಬಂದಾಗ ಮನೆಯ ಬಾಗಿಲು ತೆರೆಯಲೇಬೇಕಿತ್ತು. ಮಾವೋ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ (1966-76) ಈ ಹೊರತುಪಡಿಕೆಯೇ ನಿಯಮವಾಗಿ, ಮಕ್ಕಳು ಹೆತ್ತವರ ವಿರುದ್ಧ ಸಾರ್ವಜನಿಕವಾಗಿ ದೂರು ಹೇಳಿದರು. 2012ರಲ್ಲಿ ತಿದ್ದುಪಡಿಯಾದ ಅಪರಾಧ ಪ್ರಕ್ರಿಯಾ ಕಾನೂನು, ಆರೋಪಿಯ ಗಂಡ ಅಥವಾ ಹೆಂಡತಿ, ತಂದೆತಾಯಿ, ಮಕ್ಕಳನ್ನು ಸಾಕ್ಷಿಗಾಗಿ ನ್ಯಾಯಾಲಯಕ್ಕೆ ಬಲವಂತವಾಗಿ ಕರೆತರುವಂತಿಲ್ಲ ಎಂದಿತು. ಕುರಿ ಕದ್ದ ಅಪ್ಪನ ಮಗನಿಗೆ ಅಷ್ಟು ಜಾಗ ಮರಳಿ ಸಿಕ್ಕಿತು.

ಪಾಲು

ಚೀನಾದಲ್ಲಿ ಹಿರಿಮಗನಿಗೇ ಎಲ್ಲ ಎಂಬ ಪದ್ಧತಿ ಇರಲಿಲ್ಲ. ಗಂಡುಮಕ್ಕಳಿಗೆ ಸಮಪಾಲು. ಇದಕ್ಕೆ ಫೆನ್‌ಜ್ಯಾ, ಮನೆ ಹಿಸ್ಸೆ, ಎನ್ನುತ್ತಾರೆ. ಕನ್ನಡದ ಹಳ್ಳಿಗಳಲ್ಲಿ ಪಾಲಾಗುವುದನ್ನು ಕಂಡವರಿಗೆ ಅದರ ಕ್ರಮ ಅಪರಿಚಿತವೆನಿಸದು. ಕುಲದ ಹಿರಿಯರನ್ನೂ ಸೋದರಮಾವನನ್ನೂ ಕರೆಸುತ್ತಾರೆ. ಸೋದರಮಾವ ಏಕೆಂದರೆ ಅವನು ತಾಯಿಯ ಕಡೆಯವನು, ಆಸ್ತಿಯಲ್ಲಿ ಪಾಲಿಲ್ಲದವನು, ಎಲ್ಲ ಸೋದರಳಿಯಂದಿರಿಗೂ ಸಮಾನ. ಹೊಲ, ಮನೆಯ ಕೋಣೆ, ಎತ್ತು, ಪಾತ್ರೆ, ಸಾಲ ಎಲ್ಲವನ್ನೂ ಅಣ್ಣತಮ್ಮಂದಿರ ಸಂಖ್ಯೆಗೆ ಸರಿಯಾಗಿ ಸಮನಾದ ಕಂತೆಗಳಾಗಿ ಬರೆಯುತ್ತಾರೆ. ಆಮೇಲೆ ಚೀಟಿ ಎತ್ತುತ್ತಾರೆ. ವಯಸ್ಸಾದವರ ಜೀವನಕ್ಕೆಂದು ಒಂದು ತುಂಡು ನೆಲ ಮೊದಲೇ ತೆಗೆದಿಡುವುದುಂಟು. ಪಾಲುಪತ್ರದ ಪ್ರತಿಗಳನ್ನು ಒಂದರ ಪಕ್ಕ ಒಂದು ಇಟ್ಟು, ಅಂಚು ಕೂಡುವಲ್ಲಿ ಅಕ್ಷರಗಳನ್ನು ಅರ್ಧ ಈ ಹಾಳೆಗೆ ಅರ್ಧ ಆ ಹಾಳೆಗೆ ಬರುವಂತೆ ಬರೆಯುತ್ತಾರೆ. ಮುಂದೆ ತಕರಾರು ಬಂದರೆ ಹಾಳೆಗಳನ್ನು ಜೋಡಿಸಿ ಅಕ್ಷರ ಕೂಡುತ್ತದೆಯೇ ಎಂದು ನೋಡಿದರಾಯಿತು.

ಇದರ ಆರ್ಥಿಕ ಪರಿಣಾಮ ದೊಡ್ಡದು. ಜಮೀನು ತಲೆಮಾರಿನಿಂದ ತಲೆಮಾರಿಗೆ ಚೂರಾಯಿತು. ಮೂರು ತಲೆಮಾರು ದಾಟಿದ ಸಿರಿತನವಿಲ್ಲ ಎಂಬ ಅಲ್ಲಿನ ಗಾದೆಗೆ ಈ ಲೆಕ್ಕ ಹೊಂದುತ್ತದೆ. ರಾಜನಿಗೆ ಎದುರು ನಿಲ್ಲಬಲ್ಲ ಭೂಮಾಲೀಕ ಮನೆತನಗಳು ಉಳಿಯಲಿಲ್ಲ. ಅದು ಸಿಂಹಾಸನಕ್ಕೆ ಅನುಕೂಲವೇ ಆಯಿತು. ಆದರೆ ವ್ಯಾಪಾರಕ್ಕೆ, ಕೈಗಾರಿಕೆಗೆ ಬೇಕಾದ ದೀರ್ಘಕಾಲದ ಬಂಡವಾಳ ನಿಲ್ಲುವುದು ಹೇಗೆ?

ಅದಕ್ಕೆ ಕಂಡುಕೊಂಡ ಉಪಾಯ ಪಾಲಾಗದ ಕುಲದ ಆಸ್ತಿ. ಅತ್ಯಂತ ಪ್ರಸಿದ್ಧ ಮಾದರಿ ಸಾಂಗ್ ರಾಜವಂಶದ ಕಾಲದ ಮಂತ್ರಿ ಫಾನ್ ಝೊಂಗ್ಯಾನ್ 1050ರ ಸುಮಾರಿಗೆ ಸುಝೌನಲ್ಲಿ ಕಟ್ಟಿದ್ದು. ಸಾವಿರ ಮುಗೂ ಹೆಚ್ಚು ಜಮೀನನ್ನು ಕುಲದ ಹೆಸರಿಗೆ ಬರೆದ. ಇಂದಿನ ಮು ಎಂದರೆ 667 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆ. ನಿಯಮಾವಳಿ ತೀರಾ ಖಚಿತ. ತಲೆಗೆ ದಿನಕ್ಕೆ ಒಂದು ಶೆಂಗ್ ಅಕ್ಕಿ, ಚಳಿಗಾಲಕ್ಕೆ ಒಂದು ತಾನು ಬಟ್ಟೆ. ಮಗಳ ಮದುವೆಗೆ 30 ಸರ ನಾಣ್ಯ, ಸೊಸೆ ತರಲು 20. ಮಗಳು ಮರುಮದುವೆಯಾದರೆ ಅವಳಿಗೂ 20, ಮಗ ಎರಡನೆಯ ಸಲ ಮದುವೆಯಾದರೆ ಏನೂ ಇಲ್ಲ. ವಿಧವೆ ಮರುಮದುವೆಯಾಗಬಾರದೆಂಬುದು ಚೀನಾದ ಸನಾತನ ಮೌಲ್ಯ ಎಂದು ಹೇಳುವವರಿಗೆ ಸಾವಿರ ವರ್ಷ ಹಿಂದಿನ ಈ ಲೆಕ್ಕದ ಪುಸ್ತಕ ಸಾಕು. ಈ ಎಸ್ಟೇಟು 20ನೇ ಶತಮಾನದವರೆಗೂ ನಡೆಯಿತು. ಮುಂದೆ ಇದೇ ಅಚ್ಚಿನ ಕುಲದ ಟ್ರಸ್ಟುಗಳು ವ್ಯಾಪಾರಕ್ಕೂ ಇಳಿದವು. ಸಿಚುವಾನ್‌ನ ಝಿಗೊಂಗ್‌ನಲ್ಲಿ ಉಪ್ಪುನೀರಿನ ಬಾವಿ ಕೊರೆಯಲು ಮನೆತನಗಳು ಪಾಲುಬಂಡವಾಳದ ಕರಾರು ಬರೆದುಕೊಂಡವು. ಪಾಲನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು. 1835ರಲ್ಲಿ ಅಲ್ಲಿನ ಒಂದು ಬಾವಿ ಸಾವಿರ ಮೀಟರ್ ಆಳ ಮುಟ್ಟಿತು. ಬಿದಿರಿನ ಹಗ್ಗ, ಕಬ್ಬಿಣದ ಮೊನೆಯ ಉಪಕರಣ, ಹಲವು ವರ್ಷಗಳ ತಾಳ್ಮೆ, ಇವುಗಳ ಹಿಂದೆ ಬ್ಯಾಂಕು ಇರಲಿಲ್ಲ, ಮನೆತನದ ಪಾಲುಪತ್ರವಿತ್ತು.

ಕಚೇರಿಯ ಬಾಗಿಲಲ್ಲಿ ಮನೆಗೆ ತಡೆ

ಊರಿನಲ್ಲಿ ಮನೆತನವನ್ನು ಇಷ್ಟು ನೆಚ್ಚಿದ ಪ್ರಭುತ್ವ, ಅಧಿಕಾರಿಯನ್ನು ಆರಿಸುವಾಗ ಅವನ ಮನೆತನವನ್ನು ಅಳಿಸಿಹಾಕಲು ಪಟ್ಟ ಪಾಡು ಅಸಾಧಾರಣ. ಸುಯಿ ರಾಜವಂಶದ ಕಾಲದಲ್ಲಿ ಶುರುವಾಗಿ 1905ರಲ್ಲಿ ನಿಂತ ಸಾಮ್ರಾಜ್ಯದ ಪರೀಕ್ಷೆ ಇದರ ಮುಖ್ಯ ಸಾಧನ. ಸಾಂಗ್ ಕಾಲಕ್ಕೆ ಅದರ ಯಂತ್ರ ಪೂರ್ತಿಯಾಗಿತ್ತು. ಉತ್ತರ ಪತ್ರಿಕೆಯಲ್ಲಿ ಹೆಸರಿನ ಭಾಗವನ್ನು ಮಡಿಚಿ ಅಂಟಿಸುತ್ತಿದ್ದರು. ಅಷ್ಟೇ ಸಾಲದು, ಕೈಬರಹ ಗುರುತು ಸಿಕ್ಕೀತು ಎಂದು ಬರೆಗಾರರನ್ನು ಕೂರಿಸಿ ಇಡೀ ಉತ್ತರವನ್ನು ನಕಲು ಮಾಡಿಸುತ್ತಿದ್ದರು. ಮುಂದೆ ಮಿಂಗ್, ಚಿಂಗ್ ರಾಜವಂಶಗಳ ಕಾಲಗಳಲ್ಲಿ ಅಭ್ಯರ್ಥಿ ಬರೆದದ್ದು ಕಪ್ಪು ಶಾಯಿ, ನಕಲು ಕೆಂಪು ಶಾಯಿ. ಪರೀಕ್ಷಕರ ಕೈಗೆ ಹೋಗುತ್ತಿದ್ದದ್ದು ಕೆಂಪು ಪ್ರತಿ ಮಾತ್ರ. ನಾನ್‌ಜಿಂಗ್‌ನ ಪರೀಕ್ಷಾಂಗಣದಲ್ಲಿ 20,000ಕ್ಕೂ ಹೆಚ್ಚು ಪುಟ್ಟ ಗೂಡುಗಳಿದ್ದವು. ಮೈತಡಕಿ ಒಳಗೆ ಬಿಟ್ಟ ಮೇಲೆ ಅಭ್ಯರ್ಥಿ ಅಲ್ಲೇ ಬರೆದು, ಅಲ್ಲೇ ಉಂಡು, ಅಲ್ಲೇ ಮಲಗಬೇಕು.

ಹೆಸರು ಮುಚ್ಚಿದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ ಎಂಬುದೂ ಬೇಗ ಗೊತ್ತಾಯಿತು. 1397ರಲ್ಲಿ ಪಟ್ಟಿ ಬಿಡಿಸಿ ನೋಡಿದರೆ ಪಾಸಾದವರೆಲ್ಲ ದಕ್ಷಿಣದವರು. ಶ್ರೀಮಂತ ದಕ್ಷಿಣದ ಮನೆತನಗಳು ತಲೆಮಾರುಗಟ್ಟಲೆ ಓದಿಗೆ ದುಡ್ಡು ಹಾಕಿದ್ದವು. ಯುದ್ಧದಲ್ಲಿ ನಲುಗಿದ ಉತ್ತರಕ್ಕೆ ಅದು ಆಗಿರಲಿಲ್ಲ. ಉತ್ತರದಲ್ಲಿ ಕೋಲಾಹಲವೆದ್ದಿತು, ಕೆಲವು ಪರೀಕ್ಷಕರಿಗೆ ಮರಣದಂಡನೆಯಾಯಿತು. 15ನೇ ಶತಮಾನದ ಮೊದಲಲ್ಲಿ ನೂರರಲ್ಲಿ 60 ಸ್ಥಾನ ದಕ್ಷಿಣಕ್ಕೆ, 40 ಉತ್ತರಕ್ಕೆ ಎಂದು ಹಂಚಿದರು. ಅರ್ಹತೆಯ ಪರೀಕ್ಷೆಯ ತಾಯ್ನಾಡಿನಲ್ಲೇ ಪ್ರದೇಶವಾರು ಮೀಸಲು 600 ವರ್ಷ ಹಳೆಯದು. ಇಂದಿನ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಗಾವ್‌ಕಾವ್‌ನಲ್ಲೂ ಪ್ರಾಂತ್ಯವಾರು ಸೀಟುಗಳೇ ಇವೆ.

ಪಾಸಾದವನನ್ನು ಊರಿಗೆ ಬಿಡುತ್ತಿರಲಿಲ್ಲ. ಚಿಂಗ್ ನಿಯಮದ ಪ್ರಕಾರ ಹುಟ್ಟೂರಿನಿಂದ 500 ಲಿ, ಸುಮಾರು 250 ಕಿಲೋಮೀಟರಿಗೂ ಹೆಚ್ಚು, ದೂರದೊಳಗೆ ಕೆಲಸವಿಲ್ಲ. ನೆಂಟರ ಒತ್ತಡ ತಪ್ಪಿಸಲು ಮಾಡಿದ ಈ ನಿಯಮ ಇನ್ನೊಂದು ಕಡೆ ಕೈಕೊಟ್ಟಿತು. ಹೊಸ ಅಧಿಕಾರಿಗೆ ಊರಿನ ಆಡುಮಾತೇ ಅರ್ಥವಾಗದು. ಎರಡು ಮೂರು ಲಕ್ಷ ಜನರ ಜಿಲ್ಲೆ, ಬೆರಳೆಣಿಕೆಯ ನೇಮಕಾತಿ ನೌಕರರು. ತೆರಿಗೆ ಪುಸ್ತಕ ಬಲ್ಲವರು ಅಲ್ಲೇ ಹುಟ್ಟಿ ಬೆಳೆದ ಗುಮಾಸ್ತರು, ಸಂಬಳವಿಲ್ಲದೆ ರುಸುಮಿನ ಮೇಲೆ ಬದುಕುವವರು. ಅಧಿಕಾರಿ ಮೂರು ವರ್ಷಕ್ಕೋ ಅದಕ್ಕೂ ಮುಂಚೆಯೋ ಎತ್ತಂಗಡಿ, ಗುಮಾಸ್ತ ಜೀವನಪರ್ಯಂತ ಅಲ್ಲೇ. ಮೇಲಿನ ಮಟ್ಟದಲ್ಲಿ ಮನೆತನವನ್ನು ತಡೆದರೆ, ಅದು ಕೆಳಗಿನ ಕಿಟಕಿಯಿಂದ ನುಗ್ಗಿತು. ಈ ನಿಯಮ ಸತ್ತಿಲ್ಲ. 2006ರ ಕಟ್ಟಳೆಯ ಪ್ರಕಾರ ಕೌಂಟಿಯ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ, ಕೌಂಟಿ ಮುಖ್ಯಸ್ಥ ತಾವು ಬೆಳೆದ ಊರಿನಲ್ಲಿ ಆ ಹುದ್ದೆ ಹಿಡಿಯುವಂತಿಲ್ಲ. ಹಿರಿಯ ಅಧಿಕಾರಿಗಳು ಗಂಡ-ಹೆಂಡತಿ, ಮಕ್ಕಳ ಉದ್ಯೋಗ, ಆಸ್ತಿ, ವಿದೇಶವಾಸದ ವಿವರ ಕೊಡಬೇಕು. ಅದೇ ಹೊತ್ತಿಗೆ ಆ ಕುರ್ಚಿಗೆ ನೂಕುನುಗ್ಗಲು ಕಡಿಮೆಯಾಗಿಲ್ಲ: 2025ರ ಸಾಲಿನ ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ 39,700 ಹುದ್ದೆ, ಅರ್ಹರಾದ ಅರ್ಜಿದಾರರು 34 ಲಕ್ಷಕ್ಕೂ ಹೆಚ್ಚು.

ಮನೆಯ ಧರ್ಮ ಮತ್ತು ಸರ್ಕಾರದ ಧರ್ಮ ಡಿಕ್ಕಿ ಹೊಡೆದ ಅತ್ಯಂತ ನೋವಿನ ಪ್ರಸಂಗ 1577ರದ್ದು. ತಂದೆ ಅಥವಾ ತಾಯಿ ಸತ್ತರೆ ಅಧಿಕಾರಿ ಹುದ್ದೆ ಬಿಟ್ಟು 27 ತಿಂಗಳು ಊರಿನಲ್ಲಿ ಶೋಕಾಚರಣೆ ಮಾಡಬೇಕಿತ್ತು. ಬಾಲಚಕ್ರವರ್ತಿ ವಾನ್‌ಲಿಯ ಪರವಾಗಿ ಸಾಮ್ರಾಜ್ಯ ನಡೆಸುತ್ತಿದ್ದ ಝಾಂಗ್ ಜೂಝೆಂಗ್‌ನ ತಂದೆ ಆ ವರ್ಷ ತೀರಿಕೊಂಡ. ದೇಶದ ಜಮೀನು ಅಳತೆ, ಹತ್ತಾರು ತೆರಿಗೆ ಮತ್ತು ಬಿಟ್ಟಿ ದುಡಿಮೆಗಳನ್ನು ಕೂಡಿಸಿ ಬೆಳ್ಳಿಯಲ್ಲಿ ಒಂದೇ ಕಂತಾಗಿ ವಸೂಲಿ ಮಾಡುವ ಸುಧಾರಣೆ, ಎಲ್ಲವೂ ಅವನ ಕೈಯಲ್ಲಿತ್ತು. ಚಕ್ರವರ್ತಿ ರಜೆ ನಿರಾಕರಿಸಿದ, ಝಾಂಗ್ ಉಳಿದ. ಇದು ಮಗನ ಧರ್ಮಕ್ಕೆ ದ್ರೋಹ ಎಂದು ಬರೆದುಕೊಟ್ಟ ಅಧಿಕಾರಿಗಳನ್ನು ಆಸ್ಥಾನದಲ್ಲೇ ಕೋಲಿನಿಂದ ಹೊಡೆಸಲಾಯಿತು. 1582ರಲ್ಲಿ ಝಾಂಗ್ ಸತ್ತ, ಕೆಲವೇ ವರ್ಷಗಳಲ್ಲಿ ಅವನ ಆಸ್ತಿ ಮುಟ್ಟುಗೋಲಾಯಿತು. ಆದರೆ ತೆರಿಗೆಯನ್ನು ಬೆಳ್ಳಿಯಲ್ಲಿ ಕೊಡುವ ಪದ್ಧತಿ ಉಳಿಯಿತು. ತೆರಿಗೆ ಸುಧಾರಣೆಯನ್ನು ಅದರ ಗುಣದೋಷ ಹಿಡಿದು ವಿರೋಧಿಸಲಾಗದವರಿಗೂ ಪಿತೃಭಕ್ತಿಯ ಹೆಸರಿನಲ್ಲಿ ಸುಧಾರಕನನ್ನು ಹಣಿಯಲು ಸಾಧ್ಯವಿತ್ತು. ಮೌಲ್ಯ ಅಧಿಕಾರದ ಕೈಯಲ್ಲಿ ಮಾತ್ರ ಆಯುಧವಾಗುವುದಿಲ್ಲ, ಎದುರಾಳಿಯ ಕೈಯಲ್ಲೂ ಆಗುತ್ತದೆ.

ಹದಿನೆಂಟು ಹೆಬ್ಬೆಟ್ಟು

ಮನೆಯನ್ನು ಪೂರ್ತಿಯಾಗಿ ಪಕ್ಕಕ್ಕೆ ಸರಿಸುವ ಪ್ರಯತ್ನ ನಡೆದದ್ದು 1958ರಲ್ಲಿ, ಹಳ್ಳಿಗರ ಜಮೀನು, ದುಡಿಮೆಗಳನ್ನು ಒಟ್ಟುಗೂಡಿಸಿದ ಜನತಾ ಕಮ್ಯೂನ್‌ಗಳ ಮೂಲಕ. ಸಾಮೂಹಿಕ ಊಟದ ಮನೆಗಳು ಬಂದವು, ಅನೇಕ ಕಡೆ ಮನೆಗಳ ಕಬ್ಬಿಣದ ಬಾಣಲೆಗಳೂ ಕುಲುಮೆಗೆ ಹೋದವು. ಮೇಲಿನವರನ್ನು ಮೆಚ್ಚಿಸುವ ಪೈಪೋಟಿಯಲ್ಲಿ ಗ್ವಾಂಗ್‌ಶಿಯ ಹ್ವಾನ್‌ಜಿಯಾಂಗ್ ಕೌಂಟಿ ಒಂದು ಮುಗೆ 1,30,000 ಜಿನ್, ಅಂದರೆ ಆರೂವರೆ ಗುಂಟೆಯಲ್ಲಿ 65 ಟನ್ ಭತ್ತ ಬೆಳೆದೆವು ಎಂದು ಘೋಷಿಸಿತು. ಹಲವು ಗದ್ದೆಗಳ ಪೈರನ್ನು ಕಿತ್ತು ಒಂದೇ ಗದ್ದೆಗೆ ತುರುಕಿ ತೋರಿಸಿದ್ದು ಅದು. ಇಂಥ ಉಬ್ಬಿದ ಲೆಕ್ಕದ ಮೇಲೆ ಲೇವಿ ಧಾನ್ಯ ವಸೂಲಾಯಿತು, ಹಳ್ಳಿಯಲ್ಲಿ ಬೀಜಕ್ಕಿಟ್ಟದ್ದೂ ಹೋಯಿತು. ಮುಂದಿನ ಮೂರು ವರ್ಷಗಳ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಆನ್‌ಹುಯಿ ಪ್ರಾಂತ್ಯ ಅತಿ ಹೆಚ್ಚು ನಲುಗಿದವುಗಳಲ್ಲಿ ಒಂದು.

ಆ ನಂತರ ಉಳಿದ ಪದ್ಧತಿ ದುಡಿಮೆ ಅಂಕದ್ದು. ಗಟ್ಟಿಮುಟ್ಟಾದ ಗಂಡಸಿಗೆ ದಿನಕ್ಕೆ ಸಾಮಾನ್ಯವಾಗಿ 10 ಅಂಕ, ಹೆಂಗಸಿಗೆ ಅದಕ್ಕಿಂತ ಕಡಿಮೆ. ವರ್ಷದ ಕೊನೆಗೆ ತಂಡದ ಉತ್ಪನ್ನದಿಂದ ತೆರಿಗೆ, ಲೇವಿ, ಬೀಜ, ಸಾಮೂಹಿಕ ನಿಧಿ ಕಳೆದು, ಉಳಿದದ್ದನ್ನು ಒಟ್ಟು ಅಂಕದಿಂದ ಭಾಗಿಸುತ್ತಿದ್ದರು. ದೋಷ ಲೆಕ್ಕದೊಳಗೇ ಇದೆ. ನೂರು ಜನರ ತಂಡದಲ್ಲಿ ಒಬ್ಬ ಮೈಮುರಿದು ಹೆಚ್ಚು ಬೆಳೆದರೆ ಅದರಲ್ಲಿ ಅವನಿಗೆ ಸಿಗುವುದು ನೂರನೆಯ ಒಂದು ಪಾಲು. ಕಳೆ ಕೀಳುವಾಗ ಬೇರು ಬಂತೇ ಎಂದು ಅಂಕ ಬರೆಯುವವನು ಪ್ರತಿ ಸಾಲನ್ನೂ ನೋಡಲಾರ. ಕೃಷಿಯಲ್ಲಿ ಕಣ್ಣಿಗೆ ಕಾಣದ ಕೆಲಸವೇ ಹೆಚ್ಚು, ಅದನ್ನು ಮೇಲ್ವಿಚಾರಣೆಯಿಂದ ಮಾಡಿಸುವುದು ಅಸಾಧ್ಯ.

1978ರ ನವೆಂಬರಿನಲ್ಲಿ ಆನ್‌ಹುಯಿಯ ಫೆಂಗ್ಯಾಂಗ್ ಕೌಂಟಿಯ ಶ್ಯಾವೊಗಾಂಗ್ ಎಂಬ ಹಳ್ಳಿಯ 18 ರೈತರು ಗುಟ್ಟಾಗಿ ಒಂದು ಕಾಗದ ಬರೆದು ಹೆಬ್ಬೆಟ್ಟು ಒತ್ತಿದರು. ಜಮೀನನ್ನು ಮನೆಗಳಿಗೆ ಹಂಚಿಕೊಳ್ಳುತ್ತೇವೆ, ಪ್ರತಿ ಮನೆಯೂ ತನ್ನ ಲೇವಿ ಕೊಡುತ್ತದೆ, ಸರ್ಕಾರದ ಮುಂದೆ ದುಡ್ಡಿಗೂ ಕಾಳಿಗೂ ಕೈಚಾಚುವುದಿಲ್ಲ. ಇದರಿಂದ ಮುಖಂಡರು ಜೈಲಿಗೆ ಹೋದರೆ, ತಲೆ ಹೋದರೂ, ಉಳಿದವರು ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಸಾಕುತ್ತೇವೆ ಎಂಬುದು ಅದರ ಸಾರ. ಈ ಕೊನೆಯ ಸಾಲನ್ನು ನಿಧಾನವಾಗಿ ಓದಬೇಕು. ಜೀವವಿಮೆ, ನ್ಯಾಯಾಲಯ, ವಕೀಲ ಯಾವುದೂ ಇಲ್ಲದ ಕಡೆ, ಕರಾರಿಗೆ ಬಲ ಕೊಟ್ಟದ್ದು ಮಕ್ಕಳನ್ನು ಸಾಕುವ ಮಾತು. ಮರುವರ್ಷದ ಕಾಳಿನ ಇಳುವರಿ ಸುಮಾರು 66 ಟನ್.

ಇದು ದೇಶದ ನೀತಿಯಾದಾಗ ಸೂತ್ರ ಸರಳವಾಗಿತ್ತು: ಸರ್ಕಾರಕ್ಕೆ ಕೊಡಬೇಕಾದ್ದು ಕೊಡು, ಸಮೂಹಕ್ಕೆ ಬಿಡಬೇಕಾದ್ದು ಬಿಡು, ಮಿಕ್ಕಿದ್ದೆಲ್ಲ ನಿನ್ನದು. 1980ರ ದಶಕದ ನಡುವಿನ ಹೊತ್ತಿಗೆ ಬಹುತೇಕ ಎಲ್ಲ ಹಳ್ಳಿಗಳಲ್ಲೂ ಇದೇ ಪದ್ಧತಿ. ಜಮೀನಿನ ಒಡೆತನ ಇಂದಿಗೂ ಹಳ್ಳಿಯ ಸಮೂಹದ್ದು, ಮನೆಗಿರುವುದು ಉಳುವ ಹಕ್ಕು ಮಾತ್ರ. ಮೊದಲು 15 ವರ್ಷಕ್ಕೆ, ಆಮೇಲೆ 30 ವರ್ಷಕ್ಕೆ.

ಮನೆಯನ್ನೇ ಒಂದು ಘಟಕ ಮಾಡಿದಾಗ ಮನೆಯೊಳಗಿನ ಅಸಮಾನತೆಯೂ ನೀತಿಯಾಗುತ್ತದೆ. ಮೊದಮೊದಲು ಹಳ್ಳಿಗಳು ಹುಟ್ಟು, ಸಾವು, ಮದುವೆಗೆ ತಕ್ಕಂತೆ ಜಮೀನನ್ನು ಆಗಾಗ ಮರುಹಂಚಿಕೆ ಮಾಡುತ್ತಿದ್ದವು. ನಾಳೆ ಕೈತಪ್ಪುವ ಹೊಲಕ್ಕೆ ಗೊಬ್ಬರ ಯಾರು ಹಾಕುತ್ತಾರೆ ಎಂಬ ಕಾರಣಕ್ಕೆ 1987ರಲ್ಲಿ ಗ್ವಿಝೌ ಪ್ರಾಂತ್ಯದ ಮೇಯ್‌ತಾನ್‌ನಲ್ಲಿ ಹೊಸ ಪ್ರಯೋಗ ಶುರುವಾಯಿತು: ಜನ ಹೆಚ್ಚಿದರೂ ನೆಲ ಹೆಚ್ಚದು, ಜನ ಕಡಿಮೆಯಾದರೂ ನೆಲ ಕಡಿಮೆಯಾಗದು. ಇದು ಹರಡಿತು. ಮಣ್ಣಿಗೆ ಒಳ್ಳೆಯದಾಯಿತು, ಹೆಣ್ಣಿಗೆ ಆಗಲಿಲ್ಲ. ಮದುವೆಯಾದವಳ ಪಾಲು ತವರಿನಲ್ಲಿ ಅಣ್ಣತಮ್ಮಂದಿರ ಲೆಕ್ಕದಲ್ಲಿ ಉಳಿಯಿತು, ಗಂಡನ ಊರಿನಲ್ಲಿ ಹೊಸ ಪಾಲು ಸಿಗಲಿಲ್ಲ. ವಿಚ್ಛೇದನವಾದರೆ ಎರಡೂ ಊರಿನಲ್ಲಿ ನೆಲವಿಲ್ಲ. ಕಾನೂನಿನಲ್ಲಿ ಸಮಾನತೆ ಮೊದಲಿನಿಂದ ಇತ್ತು. ಆದರೆ ಹಂಚುವ ಹಳ್ಳಿ ಸಮಿತಿ ಹೆಣ್ಣನ್ನು ಹೊರಗೆ ಹೋಗುವವಳೆಂದೇ ಎಣಿಸಿತು. 2025ರ ಮೇ 1ರಿಂದ ಜಾರಿಗೆ ಬಂದ ಗ್ರಾಮೀಣ ಸಾಮೂಹಿಕ ಆರ್ಥಿಕ ಸಂಘಟನೆಗಳ ಕಾನೂನು, ಮದುವೆಯ ಕಾರಣಕ್ಕೆ ಹೆಣ್ಣಿನ ಸದಸ್ಯತ್ವದ ಹಕ್ಕು ಕಸಿಯುವಂತಿಲ್ಲ ಎಂದು ಬರೆದಿದೆ. ಹಳ್ಳಿಯ ಪಟ್ಟಿಯಲ್ಲಿ ಅದು ಕಾಣಲು ಇನ್ನೂ ಜಗಳ ಬೇಕಾಗುತ್ತದೆ.

ಹುಕೋ ಪುಸ್ತಕ ಮತ್ತು ಹ್ವೇ ಚೀಟಿ

1958ರ ಜನವರಿಯ ನೋಂದಣಿ ಕಟ್ಟಳೆ ಪಟ್ಟಣದ ಪ್ರತಿ ಮನೆಗೂ ಒಂದು ಹುಕೋ, ಅಂದರೆ ನಿವಾಸ ನೋಂದಣಿ, ಪುಸ್ತಕ ಕೊಟ್ಟಿತು; ಹಳ್ಳಿಯಲ್ಲಿ ಮೊದಲು ಅದು ಸಹಕಾರ ಸಂಘಕ್ಕೆ ಒಂದರಂತೆ ಇತ್ತು. ಮೊದಲ ಹಾಳೆ ಮನೆ ಯಜಮಾನನದು, ನಂತರ ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹಳ್ಳಿಯಿಂದ ಪಟ್ಟಣಕ್ಕೆ ಹೋಗಲು ನಗರದ ಕಾರ್ಮಿಕ ಇಲಾಖೆಯ ನೇಮಕ ಪತ್ರ, ಶಾಲೆಯ ಪ್ರವೇಶ ಪತ್ರ ಅಥವಾ ನಗರದ ನೋಂದಣಿ ಕಚೇರಿಯ ಒಪ್ಪಿಗೆ ಬೇಕು. ಪಡಿತರ ಚೀಟಿಯಿಲ್ಲದೆ ಪಟ್ಟಣದಲ್ಲಿ ಅಕ್ಕಿ ಸಿಗುತ್ತಿರಲಿಲ್ಲವಾದ್ದರಿಂದ ನಿಯಮ ಮುರಿಯುವುದು ಕಷ್ಟವಿತ್ತು. ಪಡಿತರ ಹೋಯಿತು, ಹುಕೋ ಉಳಿಯಿತು. ಕಾರ್ಖಾನೆಗಳಿಗೆ ಹಳ್ಳಿಯ ಕೈಗಳು ಬಂದವು. ಅವರ ಮಕ್ಕಳ ಶಾಲೆ, ಹಿರಿಯರ ಆರೈಕೆ, ಕಾಯಿಲೆಯ ಖರ್ಚು ಹಳ್ಳಿಯ ಮನೆಯಲ್ಲೇ ಉಳಿಯಿತು. 2024ರಲ್ಲಿ ಇಂಥ ವಲಸೆ ಮತ್ತು ಗ್ರಾಮೀಣ ಮೂಲದ ಕಾರ್ಮಿಕರು ಸುಮಾರು 30 ಕೋಟಿ. 2023ರ ಕೊನೆಗೆ ನಗರದಲ್ಲಿ ವಾಸಿಸುವವರು ಶೇ. 66, ನಗರದ ಹುಕೋ ಉಳ್ಳವರು ಶೇ. 48. ಈ ಎರಡು ಅಂಕಿಗಳ ನಡುವಿನ ಅಂತರ ಅಗ್ಗದ ರಫ್ತಿನ ಒಂದು ಮುಖ್ಯ ಗುಟ್ಟು. ಮೊಮ್ಮಗುವನ್ನು ಸಾಕುವ ಅಜ್ಜಿಯ ದುಡಿಮೆ ಯಾವ ಕಾರ್ಖಾನೆಯ ಬಿಲ್ಲಿನಲ್ಲೂ ಬರುವುದಿಲ್ಲ.

ಬ್ಯಾಂಕುಗಳು ಸರ್ಕಾರಿ ಉದ್ದಿಮೆಗಳಿಗೆ ಸಾಲ ಕೊಡುತ್ತಿದ್ದಾಗ ಸಣ್ಣ ವ್ಯಾಪಾರಿಗೆ ಬಂಡವಾಳ ಕೊಟ್ಟದ್ದೂ ಮನೆಯೇ. ಬೆಟ್ಟಗುಡ್ಡಗಳ ನಡುವಿನ ವೆನ್‌ಝೌನಲ್ಲಿ, ದೇಶದ ಮೊದಲ ಖಾಸಗಿ ವ್ಯಾಪಾರ ಪರವಾನಗಿ 1980ರಲ್ಲಿ ಸಿಕ್ಕ ಊರಿನಲ್ಲಿ, ಹ್ವೇ ಎಂಬ ಪದ್ಧತಿ ಬಹಳ ಹಳೆಯದು. ನಮ್ಮ ಕಡೆಯ ಚೀಟಿ ವ್ಯವಹಾರವೇ. ಹನ್ನೊಂದು ಜನ, ತಲಾ 1,000 ಯುವಾನ್. ಮೊದಲ ಸಲದ ಮೊತ್ತ ಕರೆದವನಿಗೆ, ಅದಕ್ಕೆ ಪ್ರತಿಯಾಗಿ ಯಾರಾದರೂ ಕೈಕೊಟ್ಟರೆ ತುಂಬುವ ಹೊಣೆ ಅವನದೇ. ಆಮೇಲೆ ದಾಳ ಹಾಕಿ, ಸರದಿಯಿಂದ ಅಥವಾ ಕೂಗಿನಿಂದ. ಕೂಗಿನಲ್ಲಿ ಒಬ್ಬ 100 ಬಿಟ್ಟುಕೊಟ್ಟರೆ, ಇನ್ನೂ ಎತ್ತದವರು ಅವನಿಗೆ 900ರಂತೆ ಕೊಡುತ್ತಾರೆ, ಎತ್ತಿದವರು ಪೂರ್ತಿ 1,000 ಕಟ್ಟುತ್ತಾರೆ. ಎತ್ತಿದ ಮೇಲೆ ಓಡಿಹೋದರೆ ಮನೆತನದ ಮುಖ ಹೋಗುತ್ತದೆ, ಹಾಗಾಗಿ ಬಡ್ಡಿಗಿಂತ ನಾಚಿಕೆ ಕೆಲಸ ಮಾಡಿತು. ಕೆಟ್ಟದ್ದು ಯಾವಾಗ? ಒಂದು ಚೀಟಿ ಎತ್ತಿದ ದುಡ್ಡನ್ನು ಹೆಚ್ಚಿನ ಬಡ್ಡಿಯಾಸೆಗೆ ಇನ್ನೊಂದಕ್ಕೆ ಕಟ್ಟಿ, ಮುಖಪರಿಚಯವಿಲ್ಲದವರೂ ಸೇರಿ, ಸರಪಳಿ ಉದ್ದವಾದಾಗ. 1986ರಲ್ಲಿ ವೆನ್‌ಝೌನ ಯುಎಚಿಂಗ್ ಕಡೆ ಇಂಥ ಸರಪಳಿಗಳು ಕುಸಿದವು. 2011ರಲ್ಲಿ ಅದೇ ಊರಿನ ಸಾಲದ ಜಾಲ ಹರಿದು ಉದ್ಯಮಿಗಳು ಊರು ಬಿಟ್ಟರು. ನಂಬಿಕೆ ಎಷ್ಟು ದೂರದವರೆಗೆ ಮುಖ ಗುರುತಿಸುತ್ತದೋ ಅಷ್ಟು ದೂರ ಮಾತ್ರ ಗಟ್ಟಿ.

ಉಳಿತಾಯ ಗುಣವೋ, ಭಯವೋ

ಚೀನೀಯರು ಉಳಿಸುವವರು ಎಂಬ ಮಾತನ್ನು ಕೊನೆಗೆ ಪರೀಕ್ಷಿಸೋಣ. ಮಾವೋ ಕಾಲದಲ್ಲಿ ಮನೆಗಳ ಉಳಿತಾಯದ ಪ್ರಮಾಣ ತೀರಾ ಕಡಿಮೆಯಿತ್ತು. ಸಂಬಳವೂ ಕಡಿಮೆ, ಆದರೆ ನಗರದ ಕೆಲಸಗಾರನಿಗೆ ಮನೆ, ಆಸ್ಪತ್ರೆ, ಪಿಂಚಣಿ ಎಲ್ಲವನ್ನೂ ಕಾರ್ಖಾನೆಯೇ ಕೊಡುತ್ತಿತ್ತು. ಕಬ್ಬಿಣದ ಅನ್ನದ ಬಟ್ಟಲು ಎಂದು ಅದಕ್ಕೆ ಹೆಸರು. 1990ರ ದಶಕದ ಕೊನೆಗೆ ಸರ್ಕಾರಿ ಉದ್ದಿಮೆಗಳಿಂದ ಕೋಟಿಗಟ್ಟಲೆ ಜನರನ್ನು ಮನೆಗೆ ಕಳಿಸಿದರು. 1998ರಲ್ಲಿ ಕಾರ್ಖಾನೆ ಮನೆ ಕೊಡುವ ಪದ್ಧತಿಯೂ ಮುಗಿಯಿತು. ಉಳಿತಾಯ ಏರಿತು. ಜನರ ಗುಣ ಬದಲಾಗಲಿಲ್ಲ, ಬಟ್ಟಲು ಒಡೆಯಿತು. ಇದರ ಜೊತೆಗೆ 1980ರಿಂದ 2015ರವರೆಗಿನ ಒಂದೇ ಮಗುವಿನ ನೀತಿ. ನಾಲ್ವರು ಅಜ್ಜ-ಅಜ್ಜಿ, ಇಬ್ಬರು ಹೆತ್ತವರು, ಒಂದು ಮಗು. ಮುಪ್ಪಿನಲ್ಲಿ ನೋಡಿಕೊಳ್ಳಲು ಸಾಕಷ್ಟು ಮಕ್ಕಳಿಲ್ಲದಿದ್ದಾಗ ದುಡ್ಡನ್ನೇ ಮಗನಂತೆ ಸಾಕಬೇಕಾಯಿತು.

ಸರ್ಕಾರ ಈ ಹೊರೆಯನ್ನು ಎಷ್ಟು ಹಂಚಿಕೊಂಡಿತು? 2009ರಲ್ಲಿ ಶುರುವಾದ ಗ್ರಾಮೀಣ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 55 ಯುವಾನ್, 2024ಕ್ಕೆ 123. ಶಾಂಘೈ ಮುಪ್ಪಿನ ಆರೈಕೆಗೆ ಹಾಕಿಕೊಂಡ ಲೆಕ್ಕ 90-7-3: ಶೇ. 90 ಜನ ಮನೆಯಲ್ಲಿ, ಶೇ. 7 ಬಡಾವಣೆಯ ನೆರವಿನಲ್ಲಿ, ಶೇ. 3 ಮಾತ್ರ ಸಂಸ್ಥೆಗಳಲ್ಲಿ. 2013ರ ಜುಲೈ 1ರಂದು ಜಾರಿಯಾದ ಹಿರಿಯರ ಹಕ್ಕುಗಳ ಕಾನೂನು ದೂರವಿರುವ ಮಕ್ಕಳು ಹೆತ್ತವರನ್ನು ಆಗಾಗ ಬಂದು ನೋಡಬೇಕೆಂದಿತು. ಅದೇ ದಿನ ವೂಶಿಯ ನ್ಯಾಯಾಲಯವೊಂದು ಮಗಳಿಗೆ ಎರಡು ತಿಂಗಳಿಗೊಮ್ಮೆಯಾದರೂ ತಾಯಿಯನ್ನು ಕಾಣಲು ಆದೇಶಿಸಿತು. ಪಿತೃಭಕ್ತಿಯನ್ನು ಕಾನೂನಿನ ಬಲದಿಂದ ಮಾಡಿಸಬೇಕಾಗಿ ಬಂದದ್ದು ಮಕ್ಕಳು ಕೆಟ್ಟರೆಂದಲ್ಲ. ಗ್ವಾಂಗ್‌ಡಾಂಗ್‌ನ ಕಾರ್ಖಾನೆಯಲ್ಲಿರುವ ಮಗನಿಗೆ ಸಿಚುವಾನ್‌ನ ತಾಯಿಯನ್ನು ನೋಡಲು ರಜೆ ಕೊಡಿಸುವ ಏರ್ಪಾಡು ಬೇಕಿತ್ತು. ಕಾನೂನು ಬೊಟ್ಟು ಮಾಡಿದ್ದು ಮಗನ ಕಡೆಗೆ.

ಮನೆಯ ಉಳಿತಾಯ ಕೊನೆಗೆ ಹೋದದ್ದು ಇಟ್ಟಿಗೆಗೆ. 1994ರ ತೆರಿಗೆ ಹಂಚಿಕೆಯಲ್ಲಿ ಮೌಲ್ಯವರ್ಧಿತ ತೆರಿಗೆಯ ಶೇ. 75 ಕೇಂದ್ರಕ್ಕೆ ಹೋಯಿತು, ಕೆಲಸದ ಹೊರೆ ಸ್ಥಳೀಯ ಸರ್ಕಾರಗಳಲ್ಲೇ ಉಳಿಯಿತು. ಅವು ಜಮೀನಿನ ಬಳಕೆ ಹಕ್ಕು ಮಾರಿ ಬದುಕಿದವು. 2021ರಲ್ಲಿ ಅದರಿಂದ ಬಂದದ್ದು 8.7 ಲಕ್ಷ ಕೋಟಿ ಯುವಾನ್. ಫ್ಲ್ಯಾಟು ಕೊಳ್ಳಲು ಗಂಡ-ಹೆಂಡತಿಯ ಉಳಿತಾಯದ ಜೊತೆ ಎರಡೂ ಕಡೆಯ ಹೆತ್ತವರ, ಅಜ್ಜ-ಅಜ್ಜಿಯರ ಗಂಟೂ ಬಿಚ್ಚಿತು. ಆರು ಪರ್ಸು ಎಂದು ಅದಕ್ಕೊಂದು ಹೆಸರೇ ಹುಟ್ಟಿತು. ಕಟ್ಟುವ ಮೊದಲೇ ಮಾರುವ ಪದ್ಧತಿಯಾದ್ದರಿಂದ ಬಿಲ್ಡರ್ ದಿವಾಳಿಯಾದಾಗ ನಷ್ಟ ಕೊಂಡವರ ತಲೆಗೇ ಬಂತು. 2022ರ ಬೇಸಿಗೆಯಲ್ಲಿ ಜಿಂಗ್‌ಡೆಝೆನ್‌ನಿಂದ ಶುರುವಾಗಿ ಹಲವು ನಗರಗಳಲ್ಲಿ ಮನೆ ಕೊಂಡವರು, ಕೆಲಸ ಮುಂದುವರಿಯದಿದ್ದರೆ ಸಾಲದ ಕಂತು ಕಟ್ಟುವುದಿಲ್ಲವೆಂದು ಪತ್ರ ಬರೆದರು. ಅನೇಕರ ಪಾಲಿಗೆ ಅದು ಮೂರು ತಲೆಮಾರಿನ ಗಳಿಕೆ.

ಈಗ ಭಾರ ಹೊರುವ ಮನೆಯೇ ಸಣ್ಣದಾಗಿದೆ. 2020ರ ಜನಗಣತಿಯಲ್ಲಿ ಸರಾಸರಿ ಮನೆಯಲ್ಲಿ 2.62 ಜನ, ಹತ್ತು ವರ್ಷ ಹಿಂದೆ 3.10. 2016ರಲ್ಲಿ 1.78 ಕೋಟಿಗೂ ಹೆಚ್ಚು ಮಕ್ಕಳು ಹುಟ್ಟಿದ್ದರೆ 2023ರಲ್ಲಿ 90 ಲಕ್ಷ. 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟರೂ ಫಲವಿಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಮೂರು ವರ್ಷ ತುಂಬದ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುವ ದೇಶವ್ಯಾಪಿ ಯೋಜನೆ ತಂದಿತು. ತಿಂಗಳಿಗೆ 300. ಅರ್ಜಿಯನ್ನು ಫೋನಿನಲ್ಲೇ ಹಾಕಬಹುದು. ಲಗತ್ತಿಸಬೇಕಾದ್ದು ಮಗುವಿನ ಜನನ ಪತ್ರ ಮತ್ತು ಮನೆಯ ಹುಕೋ ಪುಸ್ತಕ.